ಧಾರಾವಿಯಲ್ಲಿ ನಾನು ಬೋಧಿಸಿದ ನರಕ

ಉಪದೇಶಕನ ಕೆಲಸಕ್ಕೆ ಈ ವರ್ಷ ಸೇರುತ್ತಿರುವ ಇಬ್ಬರು ತರುಣರು ಮೊನ್ನೆ ಮನೆಗೆ ಬಂದಿದ್ದರು. ದೈವಜ್ಞಾನ ಶಾಲೆಯಲ್ಲಿ ಚೆನ್ನಾಗಿ ಓದಿದವರು; ನನಗೆ ತಿಳಿಯದ ಎಷ್ಟೋ ವಿಷಯ ಅವರಿಗೆ ತಿಳಿದಿದೆ. ಹೊರಡುವಾಗ ಅವರಲ್ಲೊಬ್ಬ ಬಾಗಿಲಲ್ಲಿ ನಿಂತು, “ಜನ ನರಕದ ಬಗ್ಗೆ ಕೇಳಿದರೆ ಏನು ಹೇಳಬೇಕು ಸರ್?” ಎಂದ. ಚಪ್ಪಲಿ ಮೆಟ್ಟಿಕೊಳ್ಳುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಬರೆದು ಕೊಡುತ್ತೇನೆ ಎಂದೆ. ಇದು ಉತ್ತರವಲ್ಲ, ನನಗೆ ಆದದ್ದು.

ನಾನು ಗದಗ ಕಡೆಯವನು. ಐವತ್ತರ ದಶಕ ಶುರುವಾಗುವ ಹೊತ್ತಿಗೆ ಮುಂಬಯಿಗೆ ಬಂದೆ. ನಮ್ಮದು ಸಣ್ಣ ಕನ್ನಡ ಕ್ರೈಸ್ತ ಸಭೆ. ಸ್ವಂತ ದೇವಾಲಯ ಇರಲಿಲ್ಲ. ದಾದರಿನಲ್ಲಿ ಮರಾಠಿ ಸಭೆಯವರ ಆರಾಧನೆ ಮುಗಿದ ಮೇಲೆ, ಮಧ್ಯಾಹ್ನ ಮೂರು ಗಂಟೆಗೆ, ಅದೇ ಬೆಂಚುಗಳ ಮೇಲೆ ನಾವು ಕೂರುತ್ತಿದ್ದೆವು. ಮಂಗಳೂರು ಉಡುಪಿಯವರು ಮುಂದೆ, ಬೆಳಗಾವಿ ವಿಜಾಪುರದವರು ಹಿಂದೆ. ಹಾಗೆ ಕೂರಿರಿ ಎಂದು ಯಾರೂ ಹೇಳಿರಲಿಲ್ಲ. ಹಾಡುವಾಗ ಮಾತ್ರ ಎಲ್ಲರೂ ಒಂದಾಗುತ್ತಿದ್ದೆವು. ಹಿಂದಿನವರು ಅರ್ಧ ಸಾಲು ತಡ, ಅಷ್ಟೇ.

ಉಪದೇಶಕ ಎಂದರೆ ಸಭಾಪಾಲಕರ ಕೈಕೆಳಗಿನವನು. ಬೋಧಿಸುವುದು ವಾರದಲ್ಲಿ ನಾಲ್ಕು ಗಂಟೆಯೂ ಇರುತ್ತಿರಲಿಲ್ಲ. ಉಳಿದದ್ದೆಲ್ಲ ಚಾಳುಗಳ ಮೆಟ್ಟಿಲು ಹತ್ತುವುದು, ಊರಿಂದ ಬಂದ ಕಾಗದ ಓದಿ ಹೇಳುವುದು, ಉತ್ತರ ಬರೆಯುವುದು, ಹೆರಿಗೆಗೆ ಹೋದವಳ ಗಂಡನ ಜೊತೆ ಆಸ್ಪತ್ರೆಯ ವರಾಂಡದಲ್ಲಿ ಕೂರುವುದು. ಮಾಟುಂಗದ ಹೋಟೆಲುಗಳಲ್ಲಿ ಕೆಲಸ ಮಾಡುವ ನಮ್ಮವರು ಸಿಗಬೇಕಾದರೆ ಮಧ್ಯಾಹ್ನ ಊಟದ ಗದ್ದಲ ಇಳಿದ ಮೇಲೇ ಹೋಗಬೇಕು. ವಿಕ್ರೋಳಿಯಲ್ಲಿ ಆಗ ಕಾರ್ಖಾನೆಗಳು ಏಳುತ್ತಿದ್ದವು. ಅಲ್ಲಿಗೆ ಹದಿನೈದು ದಿನಕ್ಕೊಮ್ಮೆ. ಸೋಮವಾರ ಮತ್ತು ಗುರುವಾರ ಧಾರಾವಿ.

ನಮ್ಮ ಸಭಾಪಾಲಕರು ತಿಮೊಥಿ ಅಯ್ಯನವರು. ಮಂಗಳೂರಿನವರು, ಐವತ್ತೆಂಟರ ಸುಮಾರಿನವರು, ಹೆಂಡತಿ ತೀರಿಕೊಂಡಿದ್ದರು. ಮಡಿ ಮಾಡಿದ ಬಿಳಿ ಕೋಟು, ಕೈಯಲ್ಲಿ ಕೊಡೆ. ಅವರಷ್ಟು ಮೃದುವಾದ ಮನುಷ್ಯನನ್ನು ನಾನು ಕಂಡಿಲ್ಲ. ನಾನು ಬಂದ ಮೊದಲ ತಿಂಗಳು ಜ್ವರ ಹಿಡಿದು ಮಲಗಿದಾಗ ತಾವೇ ಗಂಜಿ ಕಾಯಿಸಿ ತಂದು, “ಉಪ್ಪು ಕಮ್ಮಿ ಆಯ್ತಾ ಮಾರಾಯ?” ಎಂದು ಮೂರು ಸಲ ಕೇಳಿದ್ದರು. ಆದರೆ ಭಾನುವಾರ ವೇದಿಕೆ ಹತ್ತಿದರೆ ಬೇರೆಯೇ ಮನುಷ್ಯ. ನರಕದ ಬಗ್ಗೆ ಅವರು ಪ್ರಸಂಗ ಮಾಡಲು ನಿಂತರೆ ಬಿಸಿಲಿನ ಮಧ್ಯಾಹ್ನದಲ್ಲೂ ಬೆನ್ನು ತಣ್ಣಗಾಗುತ್ತಿತ್ತು. ನನಗೂ ಹಾಗೆ ಮಾತಾಡಬೇಕೆಂಬ ಆಸೆ ಹುಟ್ಟಿತು.

ಅದಕ್ಕಾಗಿ ಒಂದು ಚಿತ್ರಪಟ ಮಾಡಿಸಿದೆ. ದಾದರಿನಲ್ಲಿ ಸಿನಿಮಾ ಬೋರ್ಡು ಬರೆಯುವ ಸಾವಂತ ಎಂಬ ಪೇಂಟರ್ ಇದ್ದ. ಸುರುಳಿ ಸುತ್ತಿ ಬಗಲಲ್ಲಿ ಒಯ್ಯುವಂಥ ದಪ್ಪ ಬಟ್ಟೆಯ ಮೇಲೆ, ಮೇಲರ್ಧ ಸ್ವರ್ಗ ಕೆಳಗರ್ಧ ನರಕ ಬರೆದುಕೊಡು ಎಂದೆ. ಆತ ಬೀಡಿ ಹಚ್ಚಿಕೊಂಡು, ಸ್ವರ್ಗದಲ್ಲಿ ಜನ ಏನು ಮಾಡುತ್ತಾರೆ ಎಂದು ಹಿಂದಿಯಲ್ಲಿ ಕೇಳಿದ. ಹಾಡುತ್ತಾರೆ ಎಂದೆ. ಮತ್ತೆ ಏನು ಮಾಡುತ್ತಾರೆ ಎಂದ. ನನಗೆ ಬೇರೇನೂ ಹೊಳೆಯಲಿಲ್ಲ. ಹಾಗಾಗಿ ಸ್ವರ್ಗಕ್ಕೆ ನಾಲ್ಕು ಮರ, ಬಿಳಿ ಬಟ್ಟೆಯ ಆರೇಳು ಮಂದಿ ಬಂದರು. ನರಕಕ್ಕೆ ಸಾವಂತ ತನ್ನ ವಿದ್ಯೆಯನ್ನೆಲ್ಲ ಸುರಿದ. ಕಿತ್ತಳೆ, ಕೆಂಪು, ಕಪ್ಪು. ಬೇಯುತ್ತಿದ್ದವರಿಗೆ ರಾಕ್ಷಸರ ಮುಖ ಕೊಡಲಿಲ್ಲ. ತಾನು ದಿನಾ ನೋಡುವವರ ಮುಖ ಕೊಟ್ಟಿದ್ದ. ಟ್ರಾಮಿನ ಕಂಡಕ್ಟರ್, ಮೀನು ಮಾರುವವಳು, ಕನ್ನಡಕದ ಗುಮಾಸ್ತ. ಅದರಿಂದಲೇ ಆ ಪಟ ಅಷ್ಟು ಭಯಂಕರವಾಗಿತ್ತು.

ಪಟ ಬಂದ ಮೇಲೆ ನನ್ನ ಹೆಸರಾಯಿತು. ಕೂಟದ ಕೊನೆಗೆ, ಪಶ್ಚಾತ್ತಾಪ ಪಡುವವರು ಎದ್ದು ನಿಲ್ಲಲಿ ಎಂದರೆ ಹತ್ತು ಹನ್ನೆರಡು ಜನ ಎದ್ದೇಳುತ್ತಿದ್ದರು. ವಿಕ್ರೋಳಿಯ ಕಾರ್ಖಾನೆಯ ಎಲೀಶ ಎಂಬಾತ ಆರು ಕೂಟಗಳಲ್ಲಿ ಆರು ಸಲ ಎದ್ದು ನಿಂತ. ಆರನೆಯ ಸಲ ಅವನನ್ನು ಪಕ್ಕಕ್ಕೆ ಕರೆದು, “ಎಲೀಶಪ್ಪ, ನಿಮ್ಮ ಮನಸ್ಸಿನಾಗ ಏನೈತಿ? ಯಾವ ಪಾಪ ಹಿಂಗ ಕಾಡತೈತಿ?” ಎಂದು ಕೇಳಿದೆ.

“ಪಾಪ ಏನಿಲ್ರಿ ಮಾಸ್ತರ,” ಎಂದ ಅವನು ಸಂಕೋಚದಿಂದ. “ನೀವು ಅಷ್ಟ ಚಂದ ಹೇಳ್ತೀರಿ. ಎಲ್ಲಾರೂ ಏಳೂವಾಗ ನಾ ಒಬ್ಬಾಂವ ಕುಂತಿದ್ರ ನಿಮಗ ಬ್ಯಾಸರಾಗಬಾರದಲ್ಲ.”

ಅಯ್ಯನವರಿಗೆ ಇದನ್ನು ಹೇಳಿದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ. ಜನ ಏಳುತ್ತಿದ್ದದ್ದು ನನ್ನ ಮಾತಿಗೆ, ಪಶ್ಚಾತ್ತಾಪಕ್ಕಲ್ಲ ಎಂದು ಆಗಲೇ ಹೊಳೆಯಬೇಕಿತ್ತು; ಹೊಳೆಯಲಿಲ್ಲ.

ಧಾರಾವಿಯಲ್ಲಿ ನಮ್ಮ ಹದಿನೈದು ಮನೆಗಳಿದ್ದವು. ಹೆಚ್ಚಿನವರು ವಿಜಾಪುರ ಕಡೆಯವರು, ಚರ್ಮದ ಕೆಲಸದವರು. ಅವರಲ್ಲಿ ಯೋಹಾನಪ್ಪನ ಮನೆ ನನಗೆ ಊರಿನ ಮನೆಯ ಹಾಗೆ. ಒಂದೇ ಕೋಣೆ. ಯೋಹಾನಪ್ಪ, ಅವನ ಹೆಂಡತಿ ಶಾಂತವ್ವ, ಒಂಬತ್ತು ವರ್ಷದ ಮಗಳು ಎಸ್ತೇರ, ಮತ್ತು ಯೋಹಾನಪ್ಪನ ತಾಯಿ ನಿಂಗವ್ವ. ಗಂಡಹೆಂಡತಿ ಮದುವೆಗೆ ಮುಂಚೆಯೇ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದವರು. ನಿಂಗವ್ವ ಪಡೆದಿರಲಿಲ್ಲ. ಆಕೆಯ ಕಣ್ಣಿಗೆ ಪೊರೆ ಬಂದು ಏನೂ ಕಾಣುತ್ತಿರಲಿಲ್ಲ. ಮೂಲೆಯಲ್ಲಿ ಕೂತು ಬೆರಳಲ್ಲೇ ಮುಟ್ಟಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಒಂದು ಕಲ್ಲೂ ತಪ್ಪುತ್ತಿರಲಿಲ್ಲ. ಎಸ್ತೇರ ಆಕೆಯ ಕಣ್ಣು: ಅಜ್ಜಿಯನ್ನು ನಲ್ಲಿಗೆ, ಕಕ್ಕಸಿಗೆ, ಬಿಸಿಲಿಗೆ ಕೈಹಿಡಿದು ಕರೆದೊಯ್ಯುವವಳು ಅವಳೇ.

ಆ ಓಣಿಯಲ್ಲಿ ಒಂದು ಗುರುವಾರ ಮಕ್ಕಳ ಪಾಠದಲ್ಲಿ ನಾನು ಪಟ ಬಿಚ್ಚಿದೆ. ಒಂದು ತಾಸು ಮಾತಾಡಿದೆ. ಯಾರು ಮೇಲೆ ಹೋಗುತ್ತಾರೆ, ಯಾರು ಕೆಳಗೆ ಎಂದು ಬೆರಳಿಟ್ಟು ತೋರಿಸಿದೆ. ದೀಕ್ಷಾಸ್ನಾನ ಆಗದವರು ಎಲ್ಲಿ ಎಂದು ಯಾರೋ ಕೇಳಿದರು. ಅದಕ್ಕೂ ಬೆರಳಿಟ್ಟೆ. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಪಾಠ ಚೆನ್ನಾಗಿ ಆಯಿತು ಎಂದುಕೊಂಡು ಮನೆಗೆ ಬಂದೆ.

ಮೂರು ವಾರ ಕಳೆದಿರಬೇಕು. ನಾನು ಹೋದ ಕೂಡಲೇ ಶಾಂತವ್ವ, “ಮಾಸ್ತರ, ಈ ಹುಡುಗಿ ಕೈ ನೋಡ್ರಿ,” ಎಂದು ಎಸ್ತೇರಳ ಬಲಗೈ ಹಿಡಿದು ನನ್ನ ಮುಂದೆ ಚಾಚಿದಳು. ಅಂಗೈಯಲ್ಲಿ ಬೊಬ್ಬೆ. ಒಂದು ಒಡೆದು ಒಣಗಿತ್ತು, ಎರಡು ಹೊಸವು.

“ಶೇಗಡಿ ಮ್ಯಾಲ ಕೈ ಹಿಡಿತಾಳ್ರಿ. ಬಡದೆ, ರಮಿಸಿ ಕೇಳಿದೆ, ಬಾಯಿ ಬಿಡವಲ್ಲಳು. ನಿಮಗರ ಹೇಳ್ತಾಳೇನು ನೋಡ್ರಿ.”

ನಾನು ಕೆಳಗೆ ಕೂತು ಕೇಳಿದೆ: “ಯಾಕವ್ವ ಎಸ್ತೇರ? ಇದ್ದಿಲ ಬೆಂಕಿ ಮ್ಯಾಲ ಯಾರರ ಕೈ ಇಡ್ತಾರೇನು?”

“ಕಲ್ಯಾಕ ಹತ್ತೀನ್ರಿ,” ಎಂದಳು.

“ಏನು ಕಲ್ಯಾಕ ಹತ್ತಿ?”

“ತಡಕೊಳ್ಳಾಕ. ಮೊದಲ ಐದು ಎಣಸೂತನಕ ಆಗ್ತಿತ್ತು. ಈಗ ಹನ್ನೆರಡು.”

ನನಗೆ ಇನ್ನೂ ತಿಳಿಯಲಿಲ್ಲ. ಯಾಕೆ ತಡೆದುಕೊಳ್ಳಬೇಕು ಎಂದು ಮತ್ತೆ ಕೇಳಿದೆ. ಅವಳು ಅಜ್ಜಿಯ ಕಡೆ ನೋಡಿ, ದನಿ ತಗ್ಗಿಸಿದಳು.

“ಅಜ್ಜಿಗೆ ದೀಕ್ಷಾಸ್ನಾನ ಆಗಿಲ್ಲಲ್ರಿ. ಅಕಿ ಅಲ್ಲಿಗೇ ಹೋಗ್ತಾಳ. ಅಕಿಗೆ ಕಣ್ಣ ಕಾಣಸೂದಿಲ್ಲ. ಒಬ್ಬಾಕೀನ ಹ್ಯಾಂಗ ಹೋಗ್ತಾಳ್ರಿ? ನಾನೂ ಜೋಡಿ ಹೋಗ್ತೀನಿ.”

ಇಷ್ಟು ವರ್ಷದಲ್ಲಿ ನಾನು ಕೇಳಿದ ಪ್ರಸಂಗಗಳಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಆದರೆ ಆ ಹೊತ್ತು ನನಗೆ ಹೊಳೆದದ್ದು ಒಂದೇ: ಈ ಕೈ ಸುಟ್ಟವನು ನಾನು. ಅವಳಿಗೆ ಹೇಳಿದೆ, ಅದು ಬರೀ ಚಿತ್ರ, ದಾದರಿನ ಪೇಂಟರ್ ಒಬ್ಬ ಬರೆದದ್ದು ಎಂದು.

“ನೀವು ಖರೇ ಅಂದಿದ್ರಿ.”

“ತಪ್ಪು ಹೇಳಿದ್ನವ್ವ. ನನಗ ಗೊತ್ತಿರಲಿಲ್ಲ.”

ಅವಳು ಸ್ವಲ್ಪ ಯೋಚಿಸಿದಳು. “ಅಯ್ಯನವರೂ ಹಂಗ ಹೇಳ್ತಾರಲ್ರಿ. ಅವರಿಗೂ ಗೊತ್ತಿಲ್ಲೇನು?”

ಮೂಲೆಯಿಂದ ನಿಂಗವ್ವ, “ಶಾಂತಾ, ಮಾಸ್ತರಿಗೆ ಚಾ ಮಾಡು. ಅವರ ದನಿ ಸಣ್ಣದಾಗೇತಿ,” ಎಂದಳು. ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು. ಚಹಾ ಬಂದ ಮೇಲೆ ಆಕೆ ಸಮಾಧಾನವಾಗಿ ಹೇಳಿದಳು: “ಆ ನೀರು ನನಗೂ ಹಾಕಿಬಿಡ್ರಿ ಮಾಸ್ತರ. ಕೂಸು ಶೇಗಡಿ ಬಿಟ್ರ ಸಾಕು.”

ಓದುವ ತರುಣರಿಗೆ ಒಂದು ಮಾತು. ಆ ಕಾಲದಲ್ಲಿ ಉಪದೇಶಕನೊಬ್ಬ ವರ್ಷಕ್ಕೆ ಎಷ್ಟು ಜನರನ್ನು ದೀಕ್ಷಾಸ್ನಾನಕ್ಕೆ ಸಿದ್ಧ ಮಾಡಿದ ಎನ್ನುವುದರ ಮೇಲೆ ಅವನ ಹಣೆಬರಹ ನಿಂತಿತ್ತು. ನಿಂಗವ್ವ ತಾನಾಗಿ ಬರುತ್ತೇನೆ ಎಂದಿದ್ದಳು. ಒಂದು ಹೆಸರು ಬರೆದುಕೊಂಡಿದ್ದರೆ ಎಲ್ಲರಿಗೂ ಸಂತೋಷ, ಮಗುವಿಗೂ ನೆಮ್ಮದಿ. ಹಾಗೆ ಮಾಡೋಣವೇ ಎಂದು ಮಾಹಿಮ್ ಸ್ಟೇಷನ್ನಿನವರೆಗೂ ಯೋಚಿಸುತ್ತ ನಡೆದೆ. ಆದರೆ ಆಗ ಆ ಹುಡುಗಿ ನಂಬುವುದು ಏನು? ನೀರು ಬೀಳದ ಅಜ್ಜಿಯಂದಿರೆಲ್ಲ ಬೇಯುತ್ತಾರೆ, ತನ್ನವಳೊಬ್ಬಳು ತಪ್ಪಿಸಿಕೊಂಡಳು ಎಂದು ತಾನೇ?

ಮರುದಿನ ಅಯ್ಯನವರಿಗೆ ಎಲ್ಲ ಹೇಳಿದೆ. ಮಗುವಿನ ಕೈಯ ಸುದ್ದಿ ಕೇಳಿ ಅವರ ಮುಖ ಬಾಡಿತು. ಆದರೆ ನಿಂಗವ್ವನ ಮಾತಿಗೆ ಬಂದಾಗ, “ನೋಡು, ದೇವರು ಹೇಗೆಲ್ಲ ಕರೀತಾನೆ. ಮುಂದಿನ ತಿಂಗಳಿಗೇ ಇಟ್ಟುಕೊಳ್ಳುವ,” ಎಂದರು.

“ನಾ ಆಕಿ ಹೆಸರು ಬರಿಯೂದಿಲ್ರಿ ಅಯ್ಯನವರ.”

“ಎಂತ?”

“ಆಕಿ ದೇವರ ಕಡೆ ಬರಾಕ ಹತ್ತಿಲ್ರಿ. ನಾವು ಕೂಸಿಗೆ ಹಾಕಿದ ಅಂಜಿಕಿ ತಗ್ಯಾಕ ಬರಾಕ ಹತ್ಯಾಳ. ನೀವು ಒಂದ್ಸಲ ಬಂದು ಆ ಕೂಸಿಗೆ, ಅದು ಹಂಗಲ್ಲ ಅಂತ ಹೇಳ್ರಿ. ನಾ ಹೇಳಿದ್ರ ನಂಬವಲ್ಲಳು.”

ಅಯ್ಯನವರು ಎದ್ದು ನಿಂತರು. ಅಂಥ ಸಿಟ್ಟು ನಾನು ಅವರಲ್ಲಿ ಕಂಡಿರಲಿಲ್ಲ. “ನರಕ ಇಲ್ಲ ಅಂತ ನಾನು ಹೇಳಬೇಕಾ? ನನ್ನ ಬಾಯಿಂದ? ದೇವರ ವಾಕ್ಯದಲ್ಲಿ ಇದ್ದದ್ದನ್ನು ನಿನ್ನ ಮರುಕಕ್ಕೋಸ್ಕರ ಅಳಿಸಿ ಹಾಕ್ಲಿಕ್ಕೆ ಆಗ್ತದಾ?”

“ಐತೋ ಇಲ್ಲೋ ನನಗ ಗೊತ್ತಿಲ್ರಿ. ಒಂಬತ್ತು ವರ್ಷದ ಕೂಸಿಗೆ ಇರೂ ಕರುಣಾ ನಾವು ಹೇಳಿಕೊಟ್ಟ ದೇವರಿಗೆ ಇಲ್ಲ. ಅದು ನನಗ ನಿನ್ನೆ ಗೊತ್ತಾತು.”

ನನ್ನ ಕೆಲಸ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅವರು ಕಿಟಕಿಯ ಕಡೆ ತಿರುಗಿದರು. ಆಮೇಲೆ, “ಸೋಮವಾರ ನಾನೇ ಬರ್ತೇನೆ. ಆ ಹೆಂಗಸನ್ನು ನಾನೇ ಪರೀಕ್ಷೆ ಮಾಡ್ತೇನೆ,” ಎಂದರು.

ಸೋಮವಾರ ಮಾಹಿಮಿನಲ್ಲಿ ಇಳಿದು ನಡೆದೆವು. ಅಯ್ಯನವರಿಗೆ ಮಂಡಿನೋವು, ಅವರು ಆ ಓಣಿಗಳಿಗೆ ಬಂದು ವರ್ಷಗಳೇ ಆಗಿದ್ದವು. ಹದ ಮಾಡಿದ ತೊಗಲಿನ ನಾತಕ್ಕೆ ಮೂಗಿಗೆ ಕರವಸ್ತ್ರ ಹಿಡಿದಿದ್ದರು. ಯೋಹಾನಪ್ಪನ ಬಾಗಿಲಲ್ಲಿ ಎಸ್ತೇರ ನಿಂತಿದ್ದಳು. ಅವಳನ್ನು ಕಂಡ ಕೂಡಲೇ ಕರವಸ್ತ್ರ ಜೇಬಿಗೆ ಹಾಕಿಕೊಂಡರು. ಶಾಂತವ್ವ ಹಾಸಿದ ಚಾಪೆಯ ಮೇಲೆ ಕಷ್ಟದಿಂದ ಕೂತು, ಮೊದಲು ಹುಡುಗಿಯ ಕೈ ಬಿಡಿಸಿ ನೋಡಿದರು. ನಂತರ ನಿಂಗವ್ವನ ಕಡೆ ತಿರುಗಿದರು.

“ನಿಮಗೆ ದೀಕ್ಷಾಸ್ನಾನ ಯಾಕೆ ಬೇಕು ಅಜ್ಜಿ?”

“ಈ ಕೂಸಿನ ಸಲುವಾಗ್ರಿ.”

“ಅಷ್ಟು ಸಾಕಾಗುದಿಲ್ಲ. ನಿಮ್ಮ ಸ್ವಂತ ಆತ್ಮಕ್ಕೋಸ್ಕರ ಬೇಕಲ್ವಾ?”

“ನನ್ನ ಸಲುವಾಗಿ ನಾ ಯಾವ ದೇವರ ಹಂತ್ಯಾಕೂ ಏನೂ ಬೇಡಿಲ್ರಿ.”

“ನರಕದ ಹೆದರಿಕೆ ಇಲ್ವಾ ನಿಮಗೆ?”

“ನನಗಿಲ್ರಿ.” ನಿಂಗವ್ವ ಮೊರದ ಮೇಲಿನ ಅಕ್ಕಿಯಲ್ಲಿ ಆಡುತ್ತಿದ್ದ ಬೆರಳು ನಿಲ್ಲಿಸಿದಳು. “ನಿಮಗ ಐತೇನ್ರಿ ಅಯ್ಯಾರ? ನಿಮ್ಮ ದನಿ ಕೇಳಿದ್ರ ಐತಿ ಅನಸ್ತೈತಿ.”

ಅವಳು ಕುಹಕದಿಂದ ಕೇಳಿದ್ದಲ್ಲ. ಕಣ್ಣಿಲ್ಲದವಳು ದನಿಯಲ್ಲಿ ಕೇಳಿಸಿದ್ದನ್ನು ಹೇಳಿದಳು. ಪಕ್ಕದ ಕೋಣೆಯಲ್ಲಿ ಯಾರೋ ತೊಗಲು ಬಡಿಯುತ್ತಿದ್ದರು. ಅಯ್ಯನವರು ತಲೆ ತಗ್ಗಿಸಿ ಕೂತರು. ಈಗ ಗದರಿ ಎದ್ದು ಹೋಗುತ್ತಾರೆ ಎಂದು ನಾನು ಕಾದೆ.

“ಉಂಟು,” ಎಂದರು. “ನನಗೆ ಒಬ್ಬ ಮಗ ಇದ್ದ.”

ಮೂರು ವರ್ಷ ಜೊತೆಗೆ ಕೆಲಸ ಮಾಡಿದ್ದೆ. ಅವರಿಗೆ ವಿಕ್ರೋಳಿಯಲ್ಲಿ ಮಗಳಿದ್ದಾಳೆ ಎಂದಷ್ಟೇ ನನಗೆ ಗೊತ್ತಿತ್ತು. ಅವರು ನಮ್ಮಲ್ಲಿ ಯಾರನ್ನೂ ನೋಡದೆ ಹೇಳುತ್ತ ಹೋದರು. ಮಗ ಪರೇಲಿನ ಒಂದು ಮಿಲ್ಲಿನಲ್ಲಿ ಗುಮಾಸ್ತನಾಗಿದ್ದ. ದೇವಾಲಯಕ್ಕೆ ಬರುವುದನ್ನು ಬಿಟ್ಟ. ಅಪ್ಪ ಬೈದರು, ಮಗ ಬೇರೆ ಕೋಣೆ ಮಾಡಿಕೊಂಡು ಹೋದ. ಟೈಫಾಯಿಡ್ ಆಗಿ ಆಸ್ಪತ್ರೆಯಲ್ಲಿದ್ದಾನೆಂದು ಗೊತ್ತಾಗಿ ಇವರು ಓಡಿದರು, ಸಾಯುವ ಮುಂಚೆ ಕೊಡುವ ಕರ್ತನ ಭೋಜನದ ರೊಟ್ಟಿ ಪಾತ್ರೆಗಳ ಸಮೇತ.

“ಬೇಡ ಅಂದ. ‘ಅಪ್ಪ, ನೀವು ಸುಮ್ಮನೆ ಇಲ್ಲಿ ಕೂತುಕೊಳ್ಳಿ’ ಅಂದ. ನಾನು ಕೂತುಕೊಳ್ಳಲಿಲ್ಲ. ಅವನ ಮಂಚದ ಹತ್ತಿರ ನಿಂತು ಬೆಂಕಿಯ ಮಾತು ಹೇಳಿದೆ. ಹೆದರಿಯಾದರೂ ತಕ್ಕೊಳ್ಳಲಿ ಅಂತ. ಅವನು ಗೋಡೆಯ ಕಡೆ ತಿರುಗಿದ. ಮರುದಿನ ತೀರಿಹೋದ.”

ತೊಗಲು ಬಡಿಯುವ ಸದ್ದು ನಿಂತಿತ್ತು.

“ಆಮೇಲೆ ನಾನು ಪ್ರಸಂಗದಲ್ಲಿ ಒಂದು ಶಬ್ದವನ್ನೂ ಕಮ್ಮಿ ಮಾಡಲಿಲ್ಲ. ಕಮ್ಮಿ ಮಾಡಿದರೆ, ನನ್ನ ಮಗನಿಗೋಸ್ಕರ ದೇವರ ವಾಕ್ಯ ತಿದ್ದಿದ ಹಾಗೆ ಆಗ್ತದೆ ಅಲ್ವಾ? ಅದು ಲಂಚ ತಿಂದ ಹಾಗೆ.”

ನಿಂಗವ್ವ ಮೊರವನ್ನು ಪಕ್ಕಕ್ಕಿಟ್ಟು, ದನಿ ಬಂದ ದಿಕ್ಕಿಗೆ ಸ್ವಲ್ಪ ಸರಿದು ಕೂತಳು.

“ನಾನೂ ನಾಕ ಮಕ್ಕಳನ್ನ ಮಣ್ಣು ಮಾಡೀನ್ರಿ ಅಯ್ಯಾರ. ಯಾವುದಕ್ಕೂ ನಿಮ್ಮ ನೀರು ಬಿದ್ದಿದ್ದಿಲ್ಲ. ಅವು ಬೆಂಕ್ಯಾಗ ಅದಾವು ಅಂತ ಯಾರ ಹೇಳಿದ್ರೂ ನಾ ಒಪ್ಪಾಕಿ ಅಲ್ಲ. ನಾ ಬರೇ ಹಡದಾಕಿ. ನಿಮ್ಮ ದೇವರು ಎಲ್ಲಾ ಮಕ್ಕಳನ್ನೂ ಹುಟ್ಟಿಸಿದಾಂವ ಅಂತೀರಿ. ನಾನ ಒಪ್ಪೂದಿಲ್ಲ ಅಂದ ಮ್ಯಾಲ ಆಂವ ಹ್ಯಾಂಗ ಒಪ್ಯಾನು?”

ಎಸ್ತೇರ ಅಯ್ಯನವರ ಮೊಣಕಾಲಿನ ಹತ್ತಿರ ಬಂದು ನಿಂತಿದ್ದಳು. ಅವಳಿಗೆ ಕೇಳಲು ಒಂದು ಪ್ರಶ್ನೆ ಇತ್ತು. ಬಹಳ ವಿಶ್ವಾಸದಿಂದ, ತನ್ನಂತೆಯೇ ಯೋಚಿಸುವವರೊಬ್ಬರು ಸಿಕ್ಕ ಹಾಗೆ ಕೇಳಿದಳು:

“ಅಯ್ಯನವರ, ನೀವೂ ನಿಮ್ಮ ಮಗನ ಹಂತ್ಯಾಕ ಹೋಗ್ತೀರೇನು?”

ಅವರು ಅವಳ ಮುಖ ನೋಡಿದರು. “ಬಿಟ್ಟರೆ ಈಗಲೇ ಹೋಗ್ತೇನೆ ಮಗಾ,” ಎಂದರು. ತುಸು ಸುಧಾರಿಸಿಕೊಂಡು, ಅವಳ ಸುಟ್ಟ ಕೈಯನ್ನು ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡರು. “ನೋಡು. ನಿನಗೆ ಅಜ್ಜಿಯನ್ನು ಒಬ್ಬಳೇ ಕಳಿಸ್ಲಿಕ್ಕೆ ಮನಸ್ಸಿಲ್ಲ. ನನಗೆ ಮಗನನ್ನು ಬಿಡ್ಲಿಕ್ಕೆ ಮನಸ್ಸಿಲ್ಲ. ನಮ್ಮಂಥವರಿಗೇ ಹೀಗೆ ಇರುವಾಗ ಯೇಸುಸ್ವಾಮಿ ಬಿಡ್ತಾನಾ? ಬಿಡುದಿಲ್ಲ. ನಾನು ನಿನ್ನ ಮಾಸ್ಟ್ರಿಗೆ ತಪ್ಪು ಕಲಿಸಿದೆ, ಅವರು ನಿನಗೆ ತಪ್ಪು ಕಲಿಸಿದರು. ನಿನ್ನ ಅಜ್ಜಿಯನ್ನು ಯಾರೂ ಬೆಂಕಿಗೆ ಹಾಕುದಿಲ್ಲ. ಇನ್ನು ಶೇಗಡಿಯ ಹತ್ತಿರ ಕೈ ಹಿಡೀಬೇಡ, ಆಯ್ತಾ?”

ಅವಳು ಹೂಂ ಎಂದಳು. ಶಾಂತವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ನಿಂಗವ್ವನ ದೀಕ್ಷಾಸ್ನಾನದ ಮಾತನ್ನು ಆ ದಿನ ಮತ್ತೆ ಯಾರೂ ಎತ್ತಲಿಲ್ಲ.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಎಸ್ತೇರ ಶೇಗಡಿ ಬಿಟ್ಟಳು, ಆದರೆ ಬೆಂಕಿಯ ಹತ್ತಿರ ಅಜ್ಜಿ ಸುಳಿದರೆ ಓಡಿಬಂದು ತಡೆಯುವುದು ಎಷ್ಟೋ ತಿಂಗಳು ಹಾಗೇ ಇತ್ತು. ಒಂದು ತಾಸಿನಲ್ಲಿ ನಾನು ಹಾಕಿದ ಭಯವನ್ನು ತೆಗೆಯಲು ಎರಡು ವರ್ಷ ಬೇಕಾಯಿತು. ಹೊಸಬರು ಇದೊಂದನ್ನು ನೆನಪಿಡಬೇಕು.

ಪಟವನ್ನು ಸಾವಂತನಿಗೆ ಹಿಂದಕ್ಕೆ ಕೊಟ್ಟೆ. ಅವನಿಗೆ ಬೇಸರವಾಯಿತು, ತಾನು ಬರೆದದ್ದರಲ್ಲೇ ಅದು ಒಳ್ಳೆಯ ಕೆಲಸವಾಗಿತ್ತು ಎಂದ. ನಿಜವೇ. ಪಟ ಹೋದ ಮೇಲೆ ಮಕ್ಕಳಿಗೆ ಏನು ಹೇಳುವುದು ಎಂದು ತಿಳಿಯದೆ ಕೆಲವು ವಾರ ಬರೀ ಹಾಡು ಹೇಳಿಕೊಟ್ಟೆ. ಆಮೇಲೆ, ಈ ವಾರ ನಿಮ್ಮ ಮೇಲೆ ಯಾರು ದಯೆ ತೋರಿಸಿದರು ಎಂದು ಕೇಳಿ, ಅವರು ಹೇಳಿದ್ದರಿಂದ ಪಾಠ ಶುರುಮಾಡುವುದನ್ನು ಕಲಿತೆ. ನನಗೆ ಯಾರೂ ಕಲಿಸಿದ ಪದ್ಧತಿ ಅಲ್ಲ. ಧಾರಾವಿಯ ಮಕ್ಕಳ ಬಳಿ ಹೇಳಲು ಬಹಳ ಇತ್ತು.

ನಿಂಗವ್ವನನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದೆ. ಪೊರೆ ತೆಗೆದರು. ಒಂದು ಕಣ್ಣು ಬಂತು. ಪಟ್ಟಿ ಬಿಚ್ಚಿ, ದಪ್ಪ ಗಾಜಿನ ಕನ್ನಡಕ ಹಾಕಿದ ದಿನ ಮೊದಲು ಎಸ್ತೇರಳ ಮುಖವನ್ನು ಬೆರಳಿನಿಂದಲೂ ಕಣ್ಣಿನಿಂದಲೂ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, “ಮಾಸ್ತರ, ನೀವು ಇಷ್ಟ ಸಣ್ಣ ಹುಡುಗ್ರೇನ್ರಿ?” ಎಂದಳು. “ಆ ಮಾತು ಕೇಳಿ, ಮುದುಕ್ರು ಅಂತ ತಿಳಕೊಂಡಿದ್ನಿ.”

ಅಯ್ಯನವರು ನರಕದ ಪ್ರಸಂಗ ನಿಲ್ಲಿಸಿದರು. ವೇದಿಕೆಯ ಮೇಲೆ ಅವರ ದನಿ ಇಳಿಯಿತು; ಕೆಲವು ಸಲ ಮಾತು ಹುಡುಕುತ್ತ ನಿಲ್ಲುತ್ತಿದ್ದರು. ಮುಂದಿನ ಬೆಂಚಿನ ಹಿರಿಯರಿಗೆ ಇದು ಹಿಡಿಸಲಿಲ್ಲ. ಬೆಂಜಮಿನ್ ಎಂಬ ಸಭೆಯ ಹಿರಿಯರು, ನೇರ ಮನುಷ್ಯ, ಮೇಲಿನವರಿಗೆ ದೂರು ಬರೆದರು. ವಿಚಾರಣೆಗೆ ಇಬ್ಬರು ಬಂದರು. ನನ್ನ ಮೇಲಿನ ಆರೋಪ ಮಕ್ಕಳಿಗೆ ಬೇರೆ ಬೋಧನೆ ಮಾಡಿದ್ದು. ನಾನು ಬಾಯಿ ತೆರೆಯುವ ಮುಂಚೆಯೇ ಅಯ್ಯನವರು, “ಇವನು ಮಾಡಿದ್ದು ನನ್ನ ಮಾತಿನ ಮೇಲೆ. ಕೇಳುವುದನ್ನು ನನ್ನಲ್ಲಿ ಕೇಳಿ,” ಎಂದರು.

“ಹೆದರಿಕೆಯೇ ಇಲ್ಲ ಅಂತಾದರೆ ಜನ ದೇವಾಲಯಕ್ಕೆ ಯಾಕೆ ಬರ್ತಾರೆ ಅಯ್ಯನವರೇ?” ಎಂದು ಬೆಂಜಮಿನ್ ಕೇಳಿದರು. ಪ್ರಾಮಾಣಿಕವಾದ ಪ್ರಶ್ನೆ. ಕೆಲವರು ಬರುವುದನ್ನು ಬಿಟ್ಟೂ ಇದ್ದರು.

“ನನ್ನ ಮಗ ಬರುದನ್ನು ನಿಲ್ಲಿಸಿದ್ದು ಆ ಹೆದರಿಕೆಯಿಂದಲೇ ಬೆಂಜಮಿನ್,” ಎಂದರು ಅಯ್ಯನವರು. “ನಿಮಗೆ ನೆನಪುಂಟು. ಅವನು ಸಣ್ಣದಿರುವಾಗ ನಿಮ್ಮ ಮಡಿಲಲ್ಲಿ ಕೂತು ಹಾಡ್ತಿದ್ದ.”

ವಿಚಾರಣೆಯ ಕೊನೆಗೆ, ಗೊತ್ತುಪಡಿಸಿದ ಪಾಠಗಳನ್ನೇ ಕಲಿಸಬೇಕೆಂದು ನನಗೊಂದು ಕಾಗದ ಬಂತು. ಅಯ್ಯನವರಿಗೆ ಒಂದು ವರ್ಷ ಮುಂಚೆಯೇ ನಿವೃತ್ತಿ ಆಯಿತು. ಅವರು ವಿಕ್ರೋಳಿಗೆ, ಮಗಳ ಮನೆಗೆ ಹೋದರು. ಅವರ ಸಾಮಾನನ್ನು ಲಾರಿಗೆ ಏರಿಸಲು ಬಂದವರಲ್ಲಿ ಬೆಂಜಮಿನ್ ಕೂಡ ಇದ್ದರು.

ನಿಂಗವ್ವ ತೀರಿಕೊಂಡದ್ದು ಆ ದಶಕ ಮುಗಿಯುವ ಹೊತ್ತಿಗೆ. ದೀಕ್ಷಾಸ್ನಾನ ಆಗಿರಲಿಲ್ಲ, ಆಕೆ ಮತ್ತೆ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಸ್ಮಶಾನದಲ್ಲಿ ಜಾಗ ಇಲ್ಲವೆಂದಾಯಿತು. ಆಕೆಯ ಕುಲದವರು ಮುನಿಸಿಪಾಲಿಟಿಯ ಜಾಗದಲ್ಲಿ ತಮ್ಮ ಪದ್ಧತಿಯಂತೆ ಮಣ್ಣು ಮಾಡಿದರು. ಸುದ್ದಿ ಕಳಿಸಿದ್ದೆ; ಅಯ್ಯನವರು ಕೋಲು ಊರಿಕೊಂಡು ಬಂದರು. ಎಲ್ಲ ಮುಗಿದ ಮೇಲೆ ಎಸ್ತೇರ, ಆಗ ಹದಿನಾರರ ಹುಡುಗಿ, ಅವರ ಹತ್ತಿರ ಹೋಗಿ, “ಅಜ್ಜಿ ಸಲುವಾಗಿ ಪ್ರಾರ್ಥನಾ ಮಾಡ್ತೀರೇನ್ರಿ?” ಎಂದಳು. ಅವರು ಮಾಡಿದರು. ನಾಲ್ಕೇ ಮಾತು. ಈ ತಾಯಿಯನ್ನು ನಮಗೆ ಕೊಟ್ಟದ್ದಕ್ಕೆ ಸ್ತೋತ್ರ, ಈಗ ನಿನ್ನ ಹತ್ತಿರ ಬಂದಿದ್ದಾಳೆ, ಚೆನ್ನಾಗಿ ನೋಡಿಕೋ, ಆಮೆನ್. ಎಸ್ತೇರ ಅತ್ತಳು, ಅಜ್ಜಿ ಸತ್ತಾಗ ಯಾವ ಮೊಮ್ಮಗಳೂ ಅಳುವ ಹಾಗೆ. ಅದರಲ್ಲಿ ಭಯ ಇರಲಿಲ್ಲ.

ಅಯ್ಯನವರನ್ನು ಬಿಡಲು ಸಾಯನ್ ಸ್ಟೇಷನ್ನಿಗೆ ಹೋದೆ. ಸಂಜೆ ನಾಲ್ಕರ ಹೊತ್ತು, ಪ್ಲಾಟ್‌ಫಾರ್ಮಿನಲ್ಲಿ ಅಷ್ಟು ಜನ ಇರಲಿಲ್ಲ. ಬೆಂಚಿನ ಮೇಲೆ ಕೂತೆವು. ಒಂದು ಲೋಕಲ್ ಬಂದರೂ ಅವರು ಏಳಲಿಲ್ಲ.

“ಸಮುವೇಲ,” ಎಂದರು, “ತೀರಿಹೋದವರಿಗಾಗಿ ಬೇಡಿಕೊಳ್ಳುವ ಪದ್ಧತಿ ನಮ್ಮಲ್ಲಿ ಇಲ್ಲ. ಗೊತ್ತುಂಟು ನನಗೆ. ಇವತ್ತು ಆ ಅಜ್ಜಿಗೆ ಮಾಡಿದೆ. ಆದರೆ ಮಗ ಫಿಲಿಪ್‌ನ ಹೆಸರು ಹೇಳ್ಲಿಕ್ಕೆ ಇಷ್ಟು ವರ್ಷವಾದರೂ ನನಗೆ ಬಾಯಿ ಬರುದಿಲ್ಲ. ನೀನು ಒಮ್ಮೆ ಮಾಡ್ತೀಯಾ?”

ನೂರಾರು ಮನೆಗಳಲ್ಲಿ ಪ್ರಾರ್ಥನೆ ಮಾಡಿದವನು ನಾನು. ಹೇಗೆ ಶುರುಮಾಡಬೇಕೆಂದು ತೋಚಲಿಲ್ಲ. ನೋಡದ ಮನುಷ್ಯ. “ಫಿಲಿಪ್ ಹ್ಯಾಂಗಿದ್ರು ಅಂತ ಸ್ವಲ್ಪ ಹೇಳ್ರಿ ಅಯ್ಯನವರ,” ಎಂದೆ.

ಅವರು ಹೇಳತೊಡಗಿದರು. ಮೊದಲು ಒಂದೊಂದೇ ಮಾತು, ಆಮೇಲೆ ತಡೆಯಿಲ್ಲದೆ. ಅವನಿಗೆ ರಾಗ ಬರುತ್ತಿರಲಿಲ್ಲ, ಆದರೂ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದ. ಅಮ್ಮ ಮಾಡಿದ ಒಣಮೀನಿನ ಚಟ್ನಿ ಇಲ್ಲದೆ ಗಂಜಿ ಮುಟ್ಟುತ್ತಿರಲಿಲ್ಲ. ಮಿಲ್ಲಿನಲ್ಲಿ ಯಾರದೋ ಕೆಲಸ ಹೋದಾಗ ಅವರ ಪರವಾಗಿ ಸಾಹೇಬನ ಜೊತೆ ಜಗಳಕ್ಕೆ ಹೋಗಿದ್ದ. ಅಪ್ಪನ ಜೊತೆ ಕೇರಂ ಆಡುವಾಗ ಮೋಸ ಮಾಡುತ್ತಿದ್ದ. ಹಿಡಿದುಬಿಟ್ಟರೆ ಬೋರ್ಡನ್ನೇ ಅಲುಗಿಸಿಬಿಡುತ್ತಿದ್ದ. ಎಷ್ಟು ಲೋಕಲ್‌ಗಳು ಬಂದು ಹೋದವೋ ನಾವು ಎಣಿಸಲಿಲ್ಲ.

ಕೊನೆಗೆ ಅವರೇ ತಲೆ ಬಾಗಿಸಿ ಕಣ್ಣು ಮುಚ್ಚಿದರು. ನಾನು ಫಿಲಿಪ್‌ನ ಹೆಸರು ಹೇಳಿ, ಅವರು ಹೇಳಿದ್ದನ್ನೆಲ್ಲ ಒಂದೊಂದಾಗಿ ದೇವರ ಮುಂದಿಟ್ಟೆ: ಹಾಡು, ಗಂಜಿ, ಸಾಹೇಬನ ಜೊತೆಗಿನ ಜಗಳ. ಬಿಡಬಾರದೆಂದು ಕೇರಂನ ಮೋಸವನ್ನೂ ಸೇರಿಸಿದೆ. ಅಯ್ಯನವರು ಕಣ್ಣು ಮುಚ್ಚಿಕೊಂಡೇ ನಕ್ಕರು.